ಒಂದು ಪ್ರವಾಹ, ಹಲವು ಕಾರಣ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣ ತರುಣಿಯರಿಗೆ ‘ಕಾರಣ ಮತ್ತು ಪರಿಣಾಮ’ ಎಂಬ ಬಗೆಯ ಪ್ರಶ್ನೆ ಚಿರಪರಿಚಿತ. ಎರಡು ಹೇಳಿಕೆಗಳನ್ನು ಕೊಟ್ಟಿರುತ್ತಾರೆ. ಮೊದಲನೆಯದು ಕಾರಣ ಎರಡನೆಯದು ಪರಿಣಾಮವೇ, ಅಥವಾ ಅದಲುಬದಲೇ, ಎರಡೂ ಬೇರೆ ಬೇರೆ ಕಾರಣಗಳ ಫಲವೇ, ಇಲ್ಲವೆ ಎರಡಕ್ಕೂ ಸಮಾನ ಕಾರಣವೊಂದಿದೆಯೇ ಎಂಬುದನ್ನು ಗುರುತಿಸಬೇಕು. ಸರಿಯಾದ ವೃತ್ತಕ್ಕೆ ಮಸಿ ತುಂಬಿದರೆ ಕೆಲಸ ಮುಗಿಯಿತು. ಆದರೆ ಆ ನಾಲ್ಕು ವೃತ್ತಗಳಲ್ಲಿ ಅಡಗದ ಇನ್ನೊಂದು ಸಾಧ್ಯತೆ ಲೋಕವ್ಯವಹಾರದಲ್ಲಿ ನಮಗೆ ಪದೇ ಪದೇ ಎದುರಾಗುತ್ತದೆ. ಪರಿಣಾಮ ಒಂದೇ, ಅದರ ಹಿಂದಿನ ಕಾರಣಗಳು ಹಲವು. ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಲೋಕದಲ್ಲಿ ತಪ್ಪು ಉತ್ತರಕ್ಕೆ ಹೊಲ, ಮನೆ, ಕಸುಬು ಕಳೆದುಹೋಗುತ್ತವೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಜಮಖಂಡಿ ಮತ್ತು ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಕೃಷ್ಣೆ ಹರಿಯುತ್ತಾಳೆ. ಮುಧೋಳದ ಪಕ್ಕದಲ್ಲಿ ಘಟಪ್ರಭೆ ಇದ್ದಾಳೆ. ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಒಪ್ಪಿಸಿ ಪುನರ್ವಸತಿ ಕೇಂದ್ರಗಳಿಗೆ ಹೋಗಿವೆ. ಮಳೆಗಾಲದಲ್ಲಿ ಹೊಳೆ ಏರಿದಾಗಲೆಲ್ಲ ಇಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇದಕ್ಕೆ ಯಾರು ಕಾರಣ? ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟದ್ದೇ ಕಾರಣ ಎಂಬುದು ಈ ದಂಡೆಯ ಉತ್ತರ. ಆಲಮಟ್ಟಿಯಲ್ಲಿ ನೀರು ತಡೆದು ನಿಲ್ಲಿಸಿದ್ದೇ ಕಾರಣ ಎಂಬುದು ಸಾಂಗ್ಲಿ, ಕೊಲ್ಹಾಪುರಗಳ ಕಡೆಯ ಉತ್ತರ. ಎರಡು ಉತ್ತರಗಳೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಅವುಗಳಿಗೆ ಸಂಪೂರ್ಣ ಸಹಮತವಿದೆ. ಒಂದು ಪರಿಣಾಮಕ್ಕೆ ಒಂದೇ ಕಾರಣವಿರಬೇಕು ಎಂದು ಎರಡೂ ಭಾವಿಸುತ್ತವೆ.

ಈ ಭಾವನೆಯಲ್ಲಿ ಅಡಗಿರುವ ದೋಷವನ್ನು ಕಾಣಲು ಬನಹಟ್ಟಿಯ ವಿದ್ಯುತ್ ಮಗ್ಗವೊಂದನ್ನು ನೋಡಿದರೆ ಸಾಕು. ವಿದ್ಯುತ್ ಹೋದರೆ ಮಗ್ಗ ನಿಲ್ಲುತ್ತದೆ ಎಂಬುದು ನಿಜ. ಮಗ್ಗ ನಿಂತಿದೆ, ಆದ್ದರಿಂದ ವಿದ್ಯುತ್ ಹೋಗಿದೆ ಎಂದರೆ ಅದು ತರ್ಕವಾಗುವುದಿಲ್ಲ. ನೂಲು ಹರಿದಿರಬಹುದು, ಮೋಟಾರು ಸುಟ್ಟಿರಬಹುದು, ನೇಕಾರ ಊಟಕ್ಕೆ ಹೋಗಿರಬಹುದು. ಆದರೆ ಮಗ್ಗ ಓಡುತ್ತಿದೆ, ಆದ್ದರಿಂದ ವಿದ್ಯುತ್ ಇದೆ ಎಂಬ ಮಾತು ಸರಿ. ಕಾರಣದಿಂದ ಪರಿಣಾಮದ ಕಡೆಗೆ ಹೋಗುವ ದಾರಿ ನೇರವಾಗಿರುತ್ತದೆ. ಪರಿಣಾಮದಿಂದ ಕಾರಣದ ಕಡೆಗೆ ಮರಳುವ ದಾರಿಯಲ್ಲಿ ಕವಲುಗಳಿರುತ್ತವೆ. ಸ್ಪರ್ಧಾರ್ಥಿಗಳು ಮಾತ್ರವಲ್ಲ, ಮಂತ್ರಿಗಳೂ ಸಂಪಾದಕರೂ ಎಡವುವುದು ಈ ಕವಲುಗಳಲ್ಲಿಯೇ.

ನಮ್ಮ ಪ್ರಾಚೀನ ತಾರ್ಕಿಕರು ಈ ಸಮಸ್ಯೆಯನ್ನು ಚರ್ಚಿಸಲು ಆಯ್ದುಕೊಂಡ ಉದಾಹರಣೆ ತುಂಬಿದ ಹೊಳೆಯೇ ಎಂಬುದು ಕುತೂಹಲದ ಸಂಗತಿ. ಪರಿಣಾಮದಿಂದ ಕಾರಣವನ್ನು ಊಹಿಸುವುದಕ್ಕೆ ನ್ಯಾಯದರ್ಶನದಲ್ಲಿ ಕೊಡುವ ಪ್ರಸಿದ್ಧ ದೃಷ್ಟಾಂತವೆಂದರೆ, ನದಿ ಉಕ್ಕಿ ಹರಿಯುವುದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು. ಗೌತಮನ ನ್ಯಾಯಸೂತ್ರ ಇಷ್ಟಕ್ಕೇ ನಿಲ್ಲದೆ ಇದರ ಮೇಲೆ ಒಂದು ಆಕ್ಷೇಪವನ್ನೂ ಎತ್ತುತ್ತದೆ. ಕೆಳಗೆ ಯಾರಾದರೂ ನೀರಿಗೆ ತಡೆ ಒಡ್ಡಿದರೂ ನದಿ ತುಂಬುತ್ತದೆಯಲ್ಲ, ಹಾಗಾದರೆ ತುಂಬಿದ ನದಿಯಿಂದ ಮಳೆಯನ್ನು ಊಹಿಸುವುದು ಹೇಗೆ ಸರಿಯಾದೀತು? ಆಲಮಟ್ಟಿಯ ವಿವಾದ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮುನ್ನವೇ ಆ ವಿವಾದದ ತಿರುಳು ಇಲ್ಲಿ ಸಿದ್ಧವಾಗಿ ಕುಳಿತಿದೆ.

ಆ ಆಕ್ಷೇಪಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಸಮಾಧಾನ ಇನ್ನೂ ಮುಖ್ಯವಾದುದು. ಬರೀ ನೀರು ಹೆಚ್ಚಿದ್ದನ್ನು ಕಂಡು ಯಾರೂ ಮಳೆಯನ್ನು ಊಹಿಸುವುದಿಲ್ಲ. ಪ್ರವಾಹದ ಸೆಳೆತ, ನೊರೆ, ತೇಲಿಬರುವ ಹಣ್ಣು, ಎಲೆ, ಕಟ್ಟಿಗೆ ಇವೆಲ್ಲ ಕೂಡಿದ ಉಬ್ಬರವನ್ನು ಕಂಡಾಗ ಮಾತ್ರ ಮೇಲೆ ಮಳೆಯಾಗಿದೆ ಎನ್ನುತ್ತೇವೆ. ತಡೆಯಿಂದ ನಿಂತ ನೀರಿಗೆ ಈ ಲಕ್ಷಣಗಳಿರುವುದಿಲ್ಲ. ಅಂದರೆ, ಹಲವು ಕಾರಣಗಳಿಂದ ಒಂದೇ ಪರಿಣಾಮ ಉಂಟಾಗುತ್ತದೆ ಎಂದು ನಮಗೆ ತೋರುವುದು ನಾವು ಪರಿಣಾಮವನ್ನು ಒರಟಾಗಿ ವರ್ಣಿಸಿದಾಗ. ಸೂಕ್ಷ್ಮವಾಗಿ ನೋಡಿದರೆ ಪ್ರತಿಯೊಂದು ಕಾರಣವೂ ತನ್ನದೇ ಗುರುತನ್ನು ಬಿಟ್ಟುಹೋಗಿರುತ್ತದೆ. 1843ರಲ್ಲಿ ತನ್ನ ತರ್ಕಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದ ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಕೂಡ ಕಾರಣಗಳ ಬಹುತ್ವಕ್ಕೂ ಪರಿಣಾಮಗಳ ಬೆರಕೆಗೂ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ವಿಚಾರಣೆಯಲ್ಲಿ ಅತ್ಯಂತ ಕಠಿಣವಾದ ಘಟ್ಟ ಇದೇ ಎಂಬುದನ್ನು ಅವನೂ ಕಂಡುಕೊಂಡಿದ್ದ.

ಇದನ್ನು ನಮ್ಮ ನಾಲ್ಕು ತಾಲ್ಲೂಕುಗಳ ಅನುಭವಕ್ಕೆ ಹಚ್ಚಿ ನೋಡೋಣ. 2005 ಮತ್ತು 2019ರಲ್ಲಿ ಕೃಷ್ಣೆ ಉಕ್ಕಿದ್ದು ಸಹ್ಯಾದ್ರಿಯ ಮೇಲೆ ಸುರಿದ ಮುಂಗಾರಿನ ಮಳೆಯಿಂದ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಪ್ರವಾಹಕ್ಕೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಹಿನ್ನೆಲೆಯಾಗಿತ್ತು. ಆ ಮಳೆ ಬಿದ್ದದ್ದು ನಮ್ಮ ಬಯಲುಸೀಮೆಯ ಮೇಲೆಯೇ. ಪತ್ರಿಕೆಗಳ ತಲೆಬರಹದಲ್ಲಿ ಮೂರೂ ವರ್ಷಗಳದು ‘ಪ್ರವಾಹ’ವೇ. ಆದರೆ 2005ರ ಪಾಠವನ್ನು ಕಲಿತು ಕೊಯ್ನಾ ಜಲಾಶಯದ ಮೇಲಷ್ಟೇ ಕಣ್ಣಿಟ್ಟು ಕುಳಿತವನಿಗೆ 2009ರ ನೀರು ಬೆನ್ನ ಹಿಂದಿನಿಂದ ಬಂತು.

ಕೃಷ್ಣೆಯ ಪ್ರವಾಹ ಕೂಡಿಕೆಯ ಲೆಕ್ಕ. ಸುಮಾರು 105 ಟಿಎಂಸಿ ಅಡಿ ಸಾಮರ್ಥ್ಯದ ಕೊಯ್ನಾ, 34 ಟಿಎಂಸಿ ಅಡಿಯ ವಾರಣಾ, ಪಂಚಗಂಗೆ ಮತ್ತು ದೂಧಗಂಗೆಯ ನೀರು, ಯಾವ ಅಣೆಕಟ್ಟಿನ ಹಿಡಿತಕ್ಕೂ ಸಿಗದೆ ನೇರವಾಗಿ ಹರಿದುಬರುವ ಮಳೆ, ಇವೆಲ್ಲ ಸೇರಿ ಹಿಪ್ಪರಗಿ ಬ್ಯಾರೇಜನ್ನು ತಲುಪುತ್ತವೆ. ಮುಧೋಳದ ಕಡೆಗೆ 51 ಟಿಎಂಸಿ ಅಡಿಯ ಹಿಡಕಲ್ ಜಲಾಶಯದ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಜೊತೆಗೂಡುತ್ತವೆ. ಘಟಪ್ರಭೆ ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಸೇರುತ್ತಾಳೆ. ಮುಂದೆ 123 ಟಿಎಂಸಿ ಅಡಿಯ ಆಲಮಟ್ಟಿ ಇದೆ. ಇವುಗಳಲ್ಲಿ ಒಂದೊಂದೂ ಬೇರೆ ಬೇರೆ ದಿನ ಬಂದಿದ್ದರೆ ಹೊಳೆ ಅರಗಿಸಿಕೊಳ್ಳುತ್ತಿತ್ತು. ಒಂದೇ ದಿನ ಬಂದದ್ದರಿಂದ ಉಕ್ಕಿತು. ಇಲ್ಲಿ ‘ಯಾವ ಕಾರಣ’ ಎಂಬ ಪ್ರಶ್ನೆಗಿಂತ ‘ಯಾವುದರ ಪಾಲು ಎಷ್ಟು, ಯಾವ ಹೊತ್ತಿಗೆ’ ಎಂಬ ಪ್ರಶ್ನೆ ಹೆಚ್ಚು ಸಾರ್ಥಕ.

ಸಮಾನ ಕಾರಣದ ಮಾತನ್ನೂ ಇಲ್ಲಿ ಮರೆಯಬಾರದು. ಕೊಯ್ನಾದಿಂದ ನೀರು ಬಿಟ್ಟ ವಾರದಲ್ಲಿಯೇ ಜಮಖಂಡಿಯ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು ಎಂದರೆ ಮೊದಲನೆಯದೇ ಎರಡನೆಯದಕ್ಕೆ ಪೂರ್ಣ ಕಾರಣವೆಂದು ತೋರುತ್ತದೆ. ಆದರೆ ಕೊಯ್ನಾದ ಬಾಗಿಲು ತೆರೆಸಿದ್ದೂ ಹಳ್ಳಕೊಳ್ಳಗಳನ್ನು ತುಂಬಿಸಿದ್ದೂ ಒಂದೇ ಮಳೆ. ಒಂದರ ಬೆನ್ನಿಗೆ ಇನ್ನೊಂದು ಬಂದ ಮಾತ್ರಕ್ಕೆ ಎಲ್ಲ ಹೊಣೆಯನ್ನೂ ಮುಂದೆ ನಡೆದದ್ದರ ತಲೆಗೆ ಕಟ್ಟಲಾಗದು.

ಹಾಗಾದರೆ ಆಲಮಟ್ಟಿಯ ಪಾಲೇನು? 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರನ್ನು ಹೊರಬಿಡಲಾಯಿತು. ಆ ವರ್ಷದ ದುರಂತದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡ್ನೆರೆ ಅಧ್ಯಕ್ಷತೆಯ ಸಮಿತಿ 2020ರಲ್ಲಿ ವರದಿ ಸಲ್ಲಿಸಿತು. ಅಸಾಧಾರಣ ಮಳೆ ಮತ್ತು ನದಿಪಾತ್ರದ ಒತ್ತುವರಿಯತ್ತ ಬೊಟ್ಟು ಮಾಡಿದ ಸಮಿತಿ, ಸಾಂಗ್ಲಿ-ಕೊಲ್ಹಾಪುರಗಳ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂಬ ನಿಲುವಿಗೆ ಬಂತು. ಕರ್ನಾಟಕದ ವಾದಕ್ಕೆ ಇದು ಬಲವಾದ ಆಧಾರ. ಆದರೆ ತರ್ಕದಲ್ಲಿ ಒಂದು ಹೆಜ್ಜೆ ಮುಂದಕ್ಕೆ ಹಾರುವಂತಿಲ್ಲ. ಆಲಮಟ್ಟಿ ಇಲ್ಲದ ಕಾಲದಲ್ಲಿಯೂ ಕೃಷ್ಣೆ ಉಕ್ಕಿದ್ದಳು ಎಂಬ ಮಾತು, ಪ್ರವಾಹಕ್ಕೆ ಆಲಮಟ್ಟಿ ಅನಿವಾರ್ಯ ಕಾರಣವಲ್ಲ ಎಂಬುದನ್ನು ಸಿದ್ಧಪಡಿಸುತ್ತದೆ. ಆಲಮಟ್ಟಿಯ ಹಿನ್ನೀರು ಎಲ್ಲಿಯೂ, ಯಾವಾಗಲೂ, ಎಳ್ಳಷ್ಟೂ ಪಾಲು ಸೇರಿಸುವುದಿಲ್ಲ ಎಂಬುದನ್ನು ಅದು ಸಿದ್ಧಪಡಿಸುವುದಿಲ್ಲ. ಹಿನ್ನೀರಿನ ಪ್ರಭಾವ ಜಲಾಶಯದಿಂದ ದೂರ ಸರಿದಂತೆ ಕುಗ್ಗುತ್ತದೆ. ದೂರದ ಸಾಂಗ್ಲಿಗೆ ಒಪ್ಪುವ ಉತ್ತರ ಹತ್ತಿರದ ಬೀಳಗಿಗೂ ಒಪ್ಪಬೇಕೆಂದಿಲ್ಲ.

ಇದನ್ನು ತೀರ್ಮಾನಿಸುವ ಬಗೆಯನ್ನು ವಾತ್ಸ್ಯಾಯನ ಹೇಳಿಯೇ ಇದ್ದಾನೆ. ಅವನ ಕಾಲದ ನೊರೆ, ಎಲೆ, ಕಟ್ಟಿಗೆಗಳ ಜಾಗದಲ್ಲಿ ಇಂದು ಎರಡು ಅಂಕಿಗಳಿವೆ: ನೀರಿನ ಮಟ್ಟ ಮತ್ತು ಹರಿವಿನ ಪ್ರಮಾಣ. ಹರಿವು ಹೆಚ್ಚಿ ಮಟ್ಟವೂ ಏರಿದರೆ ಮೇಲಿನ ಮಳೆಯ ಕೈವಾಡ. ಹರಿವು ಅಷ್ಟೇ ಇದ್ದು ಮಟ್ಟ ಮಾತ್ರ ಏರಿದರೆ ಕೆಳಗೆ ಎಲ್ಲೋ ತಡೆಯಿದೆ. ಮಳೆಗಾಲದಲ್ಲಿ ಪತ್ರಿಕೆಗಳು ರಾಜಾಪುರ ಬ್ಯಾರೇಜ್‌ನಿಂದ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು ಎಂದು ಪ್ರಕಟಿಸುತ್ತವೆ. ಅದರ ಪಕ್ಕದಲ್ಲಿಯೇ ಆಯಾ ಸ್ಥಳದ ನೀರಿನ ಮಟ್ಟವನ್ನೂ, ಅದೇ ಗಳಿಗೆಯ ಆಲಮಟ್ಟಿ ಮಟ್ಟವನ್ನೂ ಕೊಟ್ಟರೆ, ಅರ್ಧ ವಿವಾದ ಕಟ್ಟೆಯ ಮೇಲೆ ಕುಳಿತವರಿಂದಲೇ ಬಗೆಹರಿದೀತು.

ಕೂಡಿಕೆಯ ಲೆಕ್ಕಕ್ಕಿಂತ ಭಿನ್ನವಾದ ಇನ್ನೊಂದು ಜೋಡಣೆ ಇದೇ ತಾಲ್ಲೂಕುಗಳ ಹೊಲಗಳಲ್ಲಿದೆ. ಅದು ಸವಳು-ಜವಳಿನ ಸಮಸ್ಯೆ. ನೀರನ್ನು ಬೇಗ ಬಸಿಯಲು ಬಿಡದ ಎರೆ ಮಣ್ಣು, ಕಾಲುವೆ ಮತ್ತು ಏತ ನೀರಾವರಿಯಿಂದ ಹೇರಳವಾಗಿ ಬರುವ ನೀರು, ವರ್ಷದುದ್ದಕ್ಕೂ ಹೊಲದಲ್ಲಿ ನಿಲ್ಲುವ ಕಬ್ಬು, ಬಸಿಗಾಲುವೆಯ ಅಭಾವ, ಈ ನಾಲ್ಕೂ ಸೇರಿದಾಗ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಫಲವತ್ತಾದ ಹೊಲ ಬಿಳಿಚಿಕೊಳ್ಳುತ್ತದೆ. ಎರೆ ಮಣ್ಣೊಂದರಿಂದ ಸವಳಾಗುವುದಿಲ್ಲ. ಮಳೆಯಾಶ್ರಿತ ಜೋಳ ಬೆಳೆಯುವ ಎರೆ ಹೊಲಗಳೇ ಅದಕ್ಕೆ ಸಾಕ್ಷಿ. ಕಬ್ಬೊಂದರಿಂದಲೂ ಆಗುವುದಿಲ್ಲ. ನೀರು ಬಸಿದುಹೋಗುವ ಹೊಲದ ಕಬ್ಬಿಗೆ ಈ ಕಾಟವಿಲ್ಲ. ಎಲ್ಲ ಕಾರಣಗಳೂ ಒಟ್ಟಿಗೆ ಇದ್ದಾಗಲೇ ಪರಿಣಾಮ ಹುಟ್ಟುವ ಇಂಥ ಜೋಡಣೆಯನ್ನು ನೈಯಾಯಿಕರು ‘ಸಾಮಗ್ರಿ’ ಎಂದು ಕರೆದರು.

ಈ ಜೋಡಣೆಯಲ್ಲಿ ಒಂದು ಶುಭವಾರ್ತೆಯೂ ಇದೆ. ನಾಲ್ಕರಲ್ಲಿ ಒಂದು ಕೊಂಡಿಯನ್ನು ಕಳಚಿದರೆ ಸರಪಣಿಯೇ ಬೀಳುತ್ತದೆ. ಮಣ್ಣನ್ನು ಬದಲಿಸಲಾಗದು, ಕಬ್ಬನ್ನು ಬಿಡು ಎಂದರೆ ರೈತ ಒಪ್ಪಲಾರ. ಆದರೆ ನೆಲದಡಿ ಕೊಳವೆ ಹೂಳಿ ನೀರು ಬಸಿಸಬಹುದು, ಹರಿನೀರಿನ ಬದಲು ಹನಿ ನೀರಾವರಿ ಮಾಡಬಹುದು. ಇಲ್ಲಿ ‘ನಿಜವಾದ ಕಾರಣ ಯಾವುದು’ ಎಂದು ಜಗಳವಾಡುವುದು ವ್ಯರ್ಥ. ಎಲ್ಲವೂ ನಿಜವೇ. ಸುಲಭವಾಗಿ ಕಳಚಬಲ್ಲ ಕೊಂಡಿ ಯಾವುದು ಎಂದು ಕೇಳುವುದೇ ಜಾಣತನ.

ಮೂರನೆಯ ಜೋಡಣೆಗೆ ರಬಕವಿ-ಬನಹಟ್ಟಿಗೆ ಮರಳಬೇಕು. ತರ್ಕಶಾಸ್ತ್ರದ ಪ್ರಾಥಮಿಕ ಪಾಠ ಹೇಳುವ ಅನ್ನಂಭಟ್ಟನ ‘ತರ್ಕಸಂಗ್ರಹ’ ಕಾರಣದ ಮೂರು ಬಗೆಗಳನ್ನು ವಿವರಿಸಲು ನೇಯ್ಗೆಯನ್ನೇ ಉದಾಹರಿಸುತ್ತದೆ. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುಗಳ ಹೆಣಿಗೆ ಅಸಮವಾಯಿ ಕಾರಣ, ಲಾಳಿ ಮಗ್ಗಗಳು ನಿಮಿತ್ತ ಕಾರಣ. ಸೀರೆ ನೇಯುವ ಊರಿನ ಮಕ್ಕಳಿಗೆ ಈ ಪಾಠವನ್ನು ಪುಸ್ತಕವಿಲ್ಲದೆಯೂ ಕಲಿಸಬಹುದು. ಆದರೆ ಆ ಊರಿನ ಹಿರಿಯರನ್ನು ಕಾಡುವುದು ಬಟ್ಟೆ ಹೇಗೆ ಆಗುತ್ತದೆ ಎಂಬುದಕ್ಕಿಂತ ಮಗ್ಗ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ. ಕೈಮಗ್ಗವನ್ನು ವಿದ್ಯುತ್ ಮಗ್ಗ ಹಿಂದೆ ಹಾಕಿತು. ವಿದ್ಯುತ್ ಮಗ್ಗಕ್ಕೆ ದೊಡ್ಡ ಗಿರಣಿಗಳ ಅಗ್ಗದ ಸೀರೆ ಎದುರಾಯಿತು. ನೂಲಿನ ದರ ಏರಿಳಿಯಿತು. ಹೆಣ್ಣುಮಕ್ಕಳ ನಿತ್ಯದ ಉಡುಪು ಬದಲಾಯಿತು. 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಒಂದರ ಹಿಂದೊಂದು ಬಂದವು.

ಸಣ್ಣ ಬಂಡವಾಳದ ನೇಕಾರನ ಮಗ್ಗವನ್ನು ನಿಲ್ಲಿಸಲು ಇವುಗಳಲ್ಲಿ ಒಂದೆರಡೇ ಸಾಕು. ಅಂದಮೇಲೆ ಒಂದನ್ನು ನಿವಾರಿಸಿದರೂ ಉಳಿದವು ಅದೇ ಪರಿಣಾಮವನ್ನು ತರುತ್ತವೆ. ಇದು ಸವಳು-ಜವಳಿಗೆ ತೀರ ವಿರುದ್ಧವಾದ ಜೋಡಣೆ. ಅಲ್ಲಿ ಒಂದು ಕೊಂಡಿ ಕಳಚಿದರೆ ಸಾಕಿತ್ತು, ಇಲ್ಲಿ ಎಲ್ಲ ಕೊಂಡಿಗಳನ್ನೂ ಕಳಚಬೇಕು. ವಿದ್ಯುತ್ ದರದಲ್ಲಿ ರಿಯಾಯಿತಿ ಕೊಟ್ಟರೂ ಮಗ್ಗಗಳು ನಿಂತವು, ಆದ್ದರಿಂದ ರಿಯಾಯಿತಿ ನಿಷ್ಪ್ರಯೋಜಕ ಎಂದು ವಾದಿಸುವ ಅರ್ಥಪಂಡಿತರು ಇಲ್ಲಿಯೇ ತಪ್ಪುವುದು. ಆ ರಿಯಾಯಿತಿ ಒಂದು ಬಾಗಿಲನ್ನು ಮುಚ್ಚಿತ್ತು, ಉಳಿದ ಬಾಗಿಲುಗಳು ತೆರೆದೇ ಇದ್ದವು. ಬಿಡಿ ಪರಿಹಾರಗಳು ಫಲ ಕೊಡದಿದ್ದಾಗ ಅವುಗಳನ್ನು ಕಿತ್ತುಹಾಕುವ ಬದಲು ಒಟ್ಟಿಗೆ ತರಬೇಕು ಎಂಬುದು ಈ ಜೋಡಣೆಯ ಪಾಠ.

ಹಾಗೆಂದು ಕಾರಣಗಳ ಪಟ್ಟಿಯನ್ನು ಮನಬಂದಂತೆ ಬೆಳೆಸಬಾರದು. ಮಡಕೆಗೆ ಕುಂಬಾರ ಕಾರಣ, ಮಣ್ಣು ಕಾರಣ, ಚಕ್ರ ಕಾರಣ. ಕುಂಬಾರನ ತಂದೆಯೂ ಮಣ್ಣು ಹೊತ್ತು ತಂದ ಕತ್ತೆಯೂ ಕಾರಣವೇ ಎಂದು ಕೇಳಿದ ತಾರ್ಕಿಕರು, ಅಲ್ಲ ಎಂದು ಉತ್ತರಿಸಿ ಅವುಗಳನ್ನು ‘ಅನ್ಯಥಾಸಿದ್ಧ’ಗಳೆಂದು ಬದಿಗಿಟ್ಟರು. ಕತ್ತೆಯ ಬದಲು ಬಂಡಿಯಲ್ಲಿ ಮಣ್ಣು ತಂದರೂ ಮಡಕೆ ಆಗುತ್ತಿತ್ತು. ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಇಂಥ ಕತ್ತೆಗಳಿಗೆ ಬರವಿಲ್ಲ. ಎಲ್ಲರೂ ಕಾರಣರು ಎಂದು ಸಾರಿ ಯಾರನ್ನೂ ಹೊಣೆ ಮಾಡದೆ ಬಿಡುವುದು, ಒಬ್ಬನನ್ನೇ ಹಿಡಿದು ಬಡಿಯುವುದರಷ್ಟೇ ಅನುಕೂಲಕರವಾದ ತಪ್ಪು.

ಕಾರಣ ಬೇರೆ, ಹೊಣೆ ಬೇರೆ ಎಂಬ ವಿವೇಕವೂ ಬೇಕು. ‘ಗದಾಯುದ್ಧ’ ಬರೆದ ರನ್ನ ಮುಧೋಳದ ಕವಿ. ದುರ್ಯೋಧನನ ತೊಡೆ ಮುರಿದದ್ದು ಯಾವುದರಿಂದ? ಭೀಮನ ಗದೆಯಿಂದ, ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನದಿಂದ, ಭೀಮ ತೊಟ್ಟ ಪ್ರತಿಜ್ಞೆಯಿಂದ, ಮೈತ್ರೇಯ ಋಷಿಯ ಶಾಪದಿಂದ, ದುರ್ಯೋಧನನ ಛಲದಿಂದ. ಮಹಾಭಾರತದ ಕಥೆ ಬಲ್ಲವರು ಇವೆಲ್ಲವನ್ನೂ ಒಪ್ಪುತ್ತಾರೆ. ವೈದ್ಯನನ್ನು ಕೇಳಿದರೆ ಗದೆ ಎನ್ನುತ್ತಾನೆ, ಧರ್ಮಜ್ಞನನ್ನು ಕೇಳಿದರೆ ಸಭೆಯ ಅನ್ಯಾಯ ಎನ್ನುತ್ತಾನೆ. ಪ್ರಶ್ನೆ ಯಾವುದೋ ಅದಕ್ಕೆ ತಕ್ಕ ಕಾರಣ ಮುಂದೆ ಬರುತ್ತದೆ. ಪ್ರವಾಹದಲ್ಲಿಯೂ ಹಾಗೆಯೇ. ಮಳೆ ದೊಡ್ಡ ಕಾರಣವಿರಬಹುದು, ಮಳೆಯನ್ನು ಹೊಣೆ ಮಾಡಲಾಗದು. ಜಲಾಶಯದ ಬಾಗಿಲನ್ನು ಯಾವ ಗಳಿಗೆಯಲ್ಲಿ ತೆರೆಯಬೇಕು, ನದಿಪಾತ್ರದಲ್ಲಿ ಮನೆ ಕಟ್ಟಲು ಬಿಡಬೇಕೇ, ಎಚ್ಚರಿಕೆ ಹಳ್ಳಿಗೆ ಎಷ್ಟು ಬೇಗ ತಲುಪಬೇಕು ಎಂಬುವು ಮನುಷ್ಯರ ತೀರ್ಮಾನಗಳು. ಅವುಗಳ ಪಾಲು ಚಿಕ್ಕದಾದರೂ ಹೊಣೆ ದೊಡ್ಡದು.

ಹಲವು ಕಾರಣ ಒಂದು ಪರಿಣಾಮ ಎಂಬುದು ಸಂಕಟದ ಸೂತ್ರವೇ ಆಗಬೇಕಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸ್ವಂತ ಹಣ ಮತ್ತು ಶ್ರಮದಿಂದ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿಕೊಂಡರು. ‘ಶ್ರಮಬಿಂದು ಸಾಗರ’ ಎಂಬ ಅದರ ಹೆಸರೇ ಕೂಡಿಕೆಯ ಲೆಕ್ಕವನ್ನು ಹೇಳುತ್ತದೆ. ಯಾವ ಒಬ್ಬ ರೈತನ ವಂತಿಗೆಯೂ ಆ ಬ್ಯಾರೇಜ್ ಕಟ್ಟಲು ಸಾಲುತ್ತಿರಲಿಲ್ಲ, ಯಾರದೂ ವ್ಯರ್ಥವಾಗಲಿಲ್ಲ. ನನ್ನೊಬ್ಬನಿಂದ ಏನಾದೀತು ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಇರಲಾರದು.

ಈ ವಿವೇಕ ಇಂದು ತುರ್ತಾಗಿ ಬೇಕಾಗಿರುವುದಕ್ಕೆ ಕಾರಣವಿದೆ. ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಒಪ್ಪಿದ 519.60 ಮೀಟರ್ ಮಟ್ಟದಿಂದ ಆಲಮಟ್ಟಿಯನ್ನು 524.256 ಮೀಟರ್‌ಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿತು. ಸ್ವಾಧೀನವಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಅದೇ ವರ್ಷ ಮಹಾರಾಷ್ಟ್ರ ಪ್ರವಾಹದ ಭೀತಿಯನ್ನು ಮುಂದಿಟ್ಟು ಎತ್ತರದ ಹೆಚ್ಚಳವನ್ನು ವಿರೋಧಿಸಿತು. ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಮೇಲೆ ಎಷ್ಟೋ ಲಕ್ಷ ಎಕರೆಗಳ ನೀರಾವರಿಯ ಕನಸು ಒಂದು ಕಡೆ, ಹಿನ್ನೀರಿನಂಚಿನ ಹಳ್ಳಿಗಳ ಭವಿಷ್ಯ ಇನ್ನೊಂದು ಕಡೆ ನಿಂತಿವೆ.

ಇಂಥ ಪ್ರಶ್ನೆಯನ್ನು ಘೋಷಣೆಗಳಿಂದ ಬಿಡಿಸಲಾಗದು. ಕೊಯ್ನಾದಿಂದ ಆಲಮಟ್ಟಿಯವರೆಗೆ, ಹಿಡಕಲ್‌ನಿಂದ ಚಿಕ್ಕಸಂಗಮದವರೆಗೆ ಮಟ್ಟ ಮತ್ತು ಹರಿವಿನ ಅಂಕಿಗಳನ್ನು ಎರಡೂ ರಾಜ್ಯಗಳು ಒಟ್ಟಾಗಿ ಅಳೆದು, ಗಂಟೆಗಂಟೆಗೆ ಜನರ ಮುಂದಿಡಬೇಕು. ಜಲಾಶಯಗಳ ಬಾಗಿಲು ತೆರೆಯುವ ಕ್ರಮವನ್ನು ಮಳೆಗಾಲಕ್ಕೆ ಮುನ್ನವೇ ಕೂಡಿ ಗೊತ್ತುಪಡಿಸಬೇಕು. ಶಾಲಾ ಕಾಲೇಜುಗಳ ತರ್ಕದ ಪಾಠ ಈ ಹೊಳೆ, ಈ ಹೊಲ, ಈ ಮಗ್ಗಗಳಿಂದ ಉದಾಹರಣೆ ಎತ್ತಿಕೊಳ್ಳಬೇಕು. ಕಾರಣಗಳು ಕೂಡುತ್ತವೆಯೇ, ಒಂದನ್ನೊಂದು ಕಾಯುತ್ತವೆಯೇ, ಒಂಟಿಯಾಗಿಯೇ ಸಾಲುತ್ತವೆಯೇ ಎಂದು ವಿಂಗಡಿಸಲು ಕಲಿತ ತರುಣನಿಗೆ ನೌಕರಿ ಸಿಕ್ಕರೆ ಸಂತೋಷ. ಅವನು ನಾಳೆ ತಹಶೀಲ್ದಾರನಾಗಿ ನದಿತೀರದ ಹಳ್ಳಿಗೆ ಹೋದಾಗ, ಹೊಳೆ ಏರುವ ಮುನ್ನವೇ ಅದು ಏರುವ ಬಗೆಯನ್ನು ಅರಿತಿದ್ದರೆ ಆ ಹಳ್ಳಿಯವರಿಗೆ ಅದರಿಂದ ಇನ್ನೂ ಹೆಚ್ಚಿನ ಉಪಕಾರವಾದೀತು.